ಆರೋಗ್ಯವು ಯಾರ ಸೊತ್ತು?

ಪೂಜೆಗೆ ಮೊದಲು ಅರ್ಚಕರು ಮಾಡತಕ್ಕ ಸಂಕಲ್ಪವನ್ನು ಕಿವಿಗೊಟ್ಟು ಆಲಿಸಿದವರಿಗೆ ಒಂದು ಸಂಗತಿಯು ಹೊಳೆಯದೆ ಇರದು. ಸೇವೆ ಮಾಡಿಸುವ ಭಕ್ತನು ತನ್ನೊಬ್ಬನ ಹೆಸರನ್ನೂ ನಕ್ಷತ್ರವನ್ನೂ ಹೇಳಿದರೂ ಪ್ರಾರ್ಥನೆಯು ಅವನೊಬ್ಬನ ಸಲುವಾಗಿ ನಡೆಯುವುದಿಲ್ಲ. ಕುಟುಂಬಸಹಿತನಾದ ಅವನ ಸಲುವಾಗಿ ನಡೆಯುತ್ತದೆ. ಕ್ಷೇಮ, ಸ್ಥೈರ್ಯ, ಆಯುಸ್ಸು, ಆರೋಗ್ಯ, ಐಶ್ವರ್ಯ ಇವಿಷ್ಟನ್ನೂ ಒಂದೇ ಉಸಿರಿನಲ್ಲಿ ಬೇಡಲಾಗುತ್ತದೆ. ಕುಟುಂಬವನ್ನೂ ಆರೋಗ್ಯವನ್ನೂ ಐಶ್ವರ್ಯವನ್ನೂ ಹೀಗೆ ಒಂದೇ ವಾಕ್ಯದಲ್ಲಿ ಸೇರಿಸಿದ ಹಿರಿಯರು ಕೇವಲ ಮಾತಿನ ಸೊಬಗಿಗಾಗಿ ಹಾಗೆ ಮಾಡಿದರೆ? ಅಥವಾ ಈ ಮೂರಕ್ಕೂ ಒಳಗಿಂದೊಳಗೆ ಏನಾದರೊಂದು ಸಂಬಂಧವಿದೆಯೆ? ಆಲಯದ ಜೀರ್ಣೋದ್ಧಾರವು ಮುಗಿದು ಬ್ರಹ್ಮಕಲಶಾಭಿಷೇಕವು ನಡೆಯುವ ಈ ಪುಣ್ಯಕಾಲದಲ್ಲಿ, ಊರ ಹತ್ತು ಸಮಸ್ತರೂ ಒಂದೆಡೆ ಸೇರಿರುವಾಗ, ವಿಚಾರಿಸಿ ನೋಡುವುದಕ್ಕೆ ಇದು ಯೋಗ್ಯವಾದ ವಿಷಯವಾಗಿದೆ.

ದೇವರ ಸನ್ನಿಧಿಯಲ್ಲಿ ಮನುಷ್ಯನು ಬೇಡುವ ವಸ್ತುಗಳಲ್ಲಿ ಆರೋಗ್ಯಕ್ಕೆ ಅಗ್ರಸ್ಥಾನವಿದೆ. ಮೃತ್ಯುಂಜಯ ಹೋಮ, ಉರುಳುಸೇವೆ, ತುಲಾಭಾರ ಮುಂತಾದ ಹರಕೆಗಳ ಹಿಂದೆ ಹೆಚ್ಚಾಗಿ ಒಂದು ರೋಗದ ಕಥೆಯೇ ಇರುತ್ತದೆ. ಆದರೆ ಒಂದೇ ಊರಿನಲ್ಲಿ, ಒಂದೇ ಗಾಳಿಯನ್ನು ಸೇವಿಸುವ ಎರಡು ಮನೆಗಳಿಗೆ ರೋಗವು ಒಂದೇ ರೀತಿಯಾಗಿ ಬರುವುದಿಲ್ಲ. ಬಂದ ರೋಗವು ಒಂದೇ ರೀತಿಯಾಗಿ ಹೋಗುವುದೂ ಇಲ್ಲ. ಒಂದು ಮನೆಯಲ್ಲಿ ಹತ್ತು ದಿನದ ಜ್ವರವಾಗಿ ಮುಗಿದದ್ದು ಇನ್ನೊಂದು ಮನೆಯಲ್ಲಿ ಹತ್ತು ವರ್ಷದ ಸಾಲವಾಗಿ ನಿಲ್ಲುತ್ತದೆ. ಈ ಭೇದಕ್ಕೆ ಕಾರಣವೇನು? ಅದಕ್ಕೆ ಹೊಣೆ ಯಾರು? ಮೊದಲನೆಯದು ವೈದ್ಯರು ಉತ್ತರಿಸತಕ್ಕ ಪ್ರಶ್ನೆ. ಎರಡನೆಯದು ಧರ್ಮದ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದವರು ಊರಿನವರೆಲ್ಲರು.

ಲೋಕದಲ್ಲಿ ಇದಕ್ಕೆ ಸಾಧಾರಣವಾಗಿ ಎರಡು ಸಮಾಧಾನಗಳು ಕೇಳಿಬರುತ್ತವೆ. ಅವರವರ ರೋಗವು ಅವರವರ ಪ್ರಾರಬ್ಧ ಎಂಬುದು ಮೊದಲನೆಯದು. ಅವರವರ ನಡತೆಯ ಫಲ, ಅಂದರೆ ಊಟ ನಿದ್ರೆ ಶುಚಿತ್ವಗಳಲ್ಲಿ ಕ್ರಮ ತಪ್ಪಿದ್ದರ ಪರಿಣಾಮ ಎಂಬುದು ಎರಡನೆಯದು. ಈ ಎರಡರಲ್ಲಿಯೂ ತಥ್ಯವಿಲ್ಲವೆಂದು ಹೇಳಲಾಗದು. ಮಿತವಾಗಿ ಉಂಡು, ದುಶ್ಚಟಗಳಿಂದ ದೂರವಿದ್ದು, ಕಾಲಕ್ಕೆ ಸರಿಯಾಗಿ ಮಲಗುವವನ ಶರೀರವು ಗಟ್ಟಿಯಾಗಿರುವುದೆಂಬುದು ಅನುಭವಸಿದ್ಧವಾದ ಮಾತು. ಆದರೆ ಎರಡು ಸಮಾಧಾನಗಳಿಗೂ ಒಂದು ಸಮಾನವಾದ ದೋಷವಿದೆ. ಎರಡೂ ರೋಗಿಯನ್ನು ಒಂಟಿಯಾಗಿ ನಿಲ್ಲಿಸಿ ನೋಡುತ್ತವೆ. ಅವನ ಹಿಂದಿರುವ ಮನೆ, ಆ ಮನೆಯ ಅಕ್ಕಿಯ ಡಬ್ಬಿ, ಬಾವಿಯ ನೀರು, ಒಲೆಯ ಹೊಗೆ, ಸಾಲದ ಚೀಟಿ ಯಾವುದೂ ಆ ನೋಟಕ್ಕೆ ಬೀಳುವುದಿಲ್ಲ. ಹಾಗೆ ನೋಡುವುದರಿಂದ ನೋಡುವವನಿಗೆ ಒಂದು ಅನುಕೂಲವೂ ಇದೆ: ತಾನು ಮಾಡತಕ್ಕದ್ದು ಏನೂ ಉಳಿಯುವುದಿಲ್ಲ.

ಪ್ರಾಚೀನರಾದ ವೈದ್ಯರು ಹೀಗೆ ಒಂಟಿಯಾಗಿ ನೋಡಿದವರಲ್ಲ. ಚಿಕಿತ್ಸೆಗೆ ನಾಲ್ಕು ಪಾದಗಳಿವೆಯೆಂಬುದು ಆಯುರ್ವೇದದ ಮೂಲಸಿದ್ಧಾಂತಗಳಲ್ಲೊಂದು. ವೈದ್ಯ, ಔಷಧ, ಪರಿಚಾರಕ, ರೋಗಿ ಇವೇ ಆ ನಾಲ್ಕು ಪಾದಗಳು. ರೋಗಿಯ ಬಳಿಯಲ್ಲಿದ್ದು ಉಪಚರಿಸುವವನನ್ನು ವೈದ್ಯನಿಗೆ ಸರಿಸಮನಾದ ಒಂದು ಪಾದವಾಗಿ ಎಣಿಸಿದ್ದು ಗಮನಾರ್ಹವಾಗಿದೆ. ಅವನಲ್ಲಿ ರೋಗಿಯ ಮೇಲೆ ಅನುರಾಗ, ಶುಚಿತ್ವ, ದಕ್ಷತೆ, ಬುದ್ಧಿ ಇರಬೇಕೆಂದು ಶಾಸ್ತ್ರವು ಹೇಳುತ್ತದೆ. ಹಳ್ಳಿಯ ಮನೆಗಳಲ್ಲಿ ಆ ಪರಿಚಾರಕನು ತಾಯಿಯೋ ಹೆಂಡತಿಯೋ ಸೊಸೆಯೋ ಆಗಿರುತ್ತಾಳೆ. ಹೀಗೆ ಕುಟುಂಬಜೀವನವು ಚಿಕಿತ್ಸೆಯ ಹೊರಗಿನ ಸಂಗತಿಯಾಗಿರದೆ ಅದರ ಕಾಲು ಭಾಗವೇ ಆಯಿತು.

ಇನ್ನು ನಾಲ್ಕನೆಯ ಪಾದವಾದ ರೋಗಿಯ ಗುಣಗಳನ್ನು ಹೇಳುವಲ್ಲಿ ಒಂದು ವಿಶೇಷವಿದೆ. ಚರಕಸಂಹಿತೆಯು ಜ್ಞಾಪಕಶಕ್ತಿ, ವೈದ್ಯನು ಹೇಳಿದಂತೆ ನಡೆಯುವುದು, ಧೈರ್ಯ, ತನ್ನ ಬಾಧೆಯನ್ನು ವಿವರಿಸಿ ಹೇಳಬಲ್ಲ ಶಕ್ತಿ ಎಂದು ನಾಲ್ಕನ್ನು ಹೆಸರಿಸುತ್ತದೆ. ಕೇರಳದ ವೈದ್ಯಪರಂಪರೆಯಲ್ಲಿ ಬಹಳ ಗೌರವಕ್ಕೆ ಪಾತ್ರವಾದ ವಾಗ್ಭಟನ ಅಷ್ಟಾಂಗಹೃದಯವು ಈ ಪಟ್ಟಿಯಲ್ಲಿ ಜ್ಞಾಪಕಶಕ್ತಿಯ ಬದಲಾಗಿ ಬೇರೊಂದು ಗುಣವನ್ನು, ಅದನ್ನೂ ಮೊತ್ತಮೊದಲಿಗೆ, ಇರಿಸಿದೆ. ರೋಗಿಯು ಆಢ್ಯನಾಗಿರಬೇಕು, ಅಂದರೆ ಧನವಂತನಾಗಿರಬೇಕು ಎಂಬುದೇ ಆ ಗುಣ. ಕೇಳುವುದಕ್ಕೆ ಇದು ಕಠೋರವಾದ ಮಾತು. ಆದರೆ ಸಾವಿರಕ್ಕಿಂತ ಹೆಚ್ಚು ವರ್ಷಗಳ ಹಿಂದಿನ ಆ ವೈದ್ಯನು ಲೋಕದಲ್ಲಿ ತಾನು ಕಂಡದ್ದನ್ನು ಮುಚ್ಚುಮರೆಯಿಲ್ಲದೆ ಬರೆದನೆಂದೇ ತಿಳಿಯಬೇಕು. ಹಣವಿಲ್ಲದವನಿಗೆ ಔಷಧವೂ ಪಥ್ಯವೂ ವಿಶ್ರಾಂತಿಯೂ ಒದಗಲಾರವು. ಚಿಕಿತ್ಸೆಯ ಒಂದು ಪಾದವು ಮುರಿದೇ ಇರುತ್ತದೆ.

ಹಾಗಾದರೆ ಬಡವನ ಗತಿಯೇನು? ಚರಕಸಂಹಿತೆಯ ಸೂತ್ರಸ್ಥಾನದ 15ನೆಯ ಅಧ್ಯಾಯದಲ್ಲಿ ಈ ಪ್ರಶ್ನೆಯು ಎದುರಾಗಿದೆ. ರಾಜರಿಗೂ ಧನಿಕರಿಗೂ ತಕ್ಕ ಚಿಕಿತ್ಸಾಗೃಹವನ್ನೂ ಸಾಮಗ್ರಿಗಳನ್ನೂ ವರ್ಣಿಸಿದ ಮೇಲೆ, ಇವೆಲ್ಲ ಎಲ್ಲ ಮನುಷ್ಯರಲ್ಲಿಯೂ ಇರುವುದಿಲ್ಲ, ಆದರೂ ದಾರುಣವಾದ ರೋಗಗಳು ದರಿದ್ರರನ್ನು ಬಿಡುವುದಿಲ್ಲವಾದ್ದರಿಂದ ಅವರಿಗೆ ಒದಗಿದಷ್ಟರಲ್ಲಿಯೇ ಚಿಕಿತ್ಸೆಯಾಗಬೇಕು ಎಂಬ ಅಭಿಪ್ರಾಯವನ್ನು ಗ್ರಂಥಕಾರನು ತಿಳಿಸಿದ್ದಾನೆ. ಅಲ್ಲಿಗೆ ವೈದ್ಯಶಾಸ್ತ್ರದ ಮಾತು ಮುಗಿಯಿತು. ಮುರಿದ ಪಾದಕ್ಕೆ ಆಸರೆಯಾಗಬೇಕಾದವರು ಯಾರೆಂಬ ಪ್ರಶ್ನೆಯು ಧರ್ಮಶಾಸ್ತ್ರದ ಅಂಗಳಕ್ಕೆ ಬಂದು ನಿಂತಿತು.

ಬಡತನವು ಶರೀರವನ್ನು ಹೇಗೆ ಪ್ರವೇಶಿಸುತ್ತದೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಬೀಡಿ ಕಟ್ಟಿ ಸಂಸಾರವನ್ನು ಸಾಗಿಸಿದ ಮನೆಗಳು ಕಾಸರಗೋಡು ಸೀಮೆಯಲ್ಲಿ ಹಿಂದೆ ಬಹಳ ಇದ್ದವು. ಇಂದಿಗೂ ಕೆಲವು ಇವೆ. ಅಂತಹ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ತಾಯಿಯು ದಿನವಿಡೀ ಕುಳಿತು ಎಲೆಯಲ್ಲಿ ಹೊಗೆಸೊಪ್ಪಿನ ಹುಡಿಯನ್ನು ತುಂಬಿ ಕಟ್ಟುತ್ತಾಳೆ. ಅಡುಗೆಯೂ ಮಕ್ಕಳ ನಿದ್ರೆಯೂ ಅದೇ ಕೋಣೆಯಲ್ಲಿ. ತಂದೆಯು ಅಡಿಕೆಮರ ಹತ್ತುವ ಕೆಲಸಕ್ಕೆ ಹೋಗುತ್ತಾನೆ. ಅವನಿಗೆ ಎರಡು ವಾರಗಳಿಂದ ಕೆಮ್ಮು. ಆಸ್ಪತ್ರೆಯಲ್ಲಿ ಔಷಧವು ಧರ್ಮಾರ್ಥವಾಗಿಯೇ ದೊರೆಯಬಹುದು. ಆದರೆ ಆಸ್ಪತ್ರೆಗೆ ಹೋದ ದಿನ ಕೂಲಿಯಿಲ್ಲ, ಕೂಲಿಯಿಲ್ಲದ ದಿನ ಅಕ್ಕಿಯಿಲ್ಲ. ಆದುದರಿಂದ ಅವನು ಕೆಮ್ಮನ್ನು ಮುಂದಿನ ವಾರಕ್ಕೆ, ಮುಂದಿನ ತಿಂಗಳಿಗೆ ಮುಂದೂಡುತ್ತಾನೆ. ಇದನ್ನು ಅಲಕ್ಷ್ಯವೆನ್ನುವುದು ಸುಲಭ. ವಾಸ್ತವವಾಗಿ ಅವನು ತನ್ನ ಶ್ವಾಸಕೋಶವನ್ನು ಒತ್ತೆಯಿಟ್ಟು ಮಕ್ಕಳ ಊಟವನ್ನು ಬಿಡಿಸಿಕೊಳ್ಳುತ್ತಿದ್ದಾನೆ. ಕೊನೆಗೆ ಅವನು ಹಾಸಿಗೆ ಹಿಡಿದಾಗ ರೋಗವೂ ಬಲಿತಿರುತ್ತದೆ, ಮನೆಯವರಿಗೂ ತಗಲಿರುತ್ತದೆ. ಮಗನು ಶಾಲೆಯನ್ನು ಬಿಟ್ಟು ಕೆಲಸಕ್ಕೆ ಹೋಗಬೇಕಾಗುತ್ತದೆ. ಬಡತನದಿಂದ ರೋಗ, ರೋಗದಿಂದ ಮತ್ತಷ್ಟು ಬಡತನ. ಈ ಗಾಣವು ಒಮ್ಮೆ ತಿರುಗಲಾರಂಭಿಸಿದರೆ ಒಂದು ತಲೆಮಾರಿನಲ್ಲಿ ನಿಲ್ಲುವುದಿಲ್ಲ.

ಇಂತಹ ಮನೆಯಲ್ಲಿ ರೋಗವು ವಾಸಿಯಾಗುವುದು ಸಾಧ್ಯವೆ? ಹಿಂದಿನ ಕಾಲದಲ್ಲಿ ದೊಡ್ಡ ವೈದ್ಯರು ಕೂಡ ಸಾಧ್ಯವಿಲ್ಲವೆಂದೇ ನಂಬಿದ್ದರು. ಕ್ಷಯರೋಗಿಯನ್ನು ಮನೆಯಿಂದ ಬೇರ್ಪಡಿಸಿ, ಸ್ಯಾನಿಟೋರಿಯಂ ಎಂಬ ಆರೋಗ್ಯಧಾಮದಲ್ಲಿರಿಸಿ, ಒಳ್ಳೆಯ ಗಾಳಿ, ವಿಶ್ರಾಂತಿ, ಪುಷ್ಟಿಕರವಾದ ಆಹಾರಗಳನ್ನು ಕೊಡಬೇಕೆಂಬುದು ಆಗಿನ ಪದ್ಧತಿಯಾಗಿತ್ತು. ಇದನ್ನು ಪರೀಕ್ಷಿಸಿ ನೋಡುವ ಕಾರ್ಯವು 1956ರಲ್ಲಿ ಮದ್ರಾಸು ನಗರದಲ್ಲಿ ಆರಂಭವಾಯಿತು. ನಗರದ ಬಡ ಕುಟುಂಬಗಳಿಗೆ ಸೇರಿದ 193 ಮಂದಿ ಕ್ಷಯರೋಗಿಗಳನ್ನು ಆರಿಸಿ, ಕೆಲವರನ್ನು ಆರೋಗ್ಯಧಾಮಕ್ಕೂ ಉಳಿದವರನ್ನು ಅವರವರ ಮನೆಗೂ ಕಳುಹಿಸಿ, ಎರಡು ಗುಂಪಿಗೂ ಒಂದು ವರ್ಷ ಒಂದೇ ಔಷಧವನ್ನು ಕೊಡಲಾಯಿತು. ಮನೆಯಲ್ಲಿದ್ದವರಿಗೆ ಆಹಾರವೂ ಕಡಿಮೆ, ಸ್ಥಳವೂ ಇಕ್ಕಟ್ಟು, ವಿಶ್ರಾಂತಿಯೂ ಅಲ್ಪ. ಆದರೂ 1959ರಲ್ಲಿ ಪ್ರಕಟವಾದ ಫಲಿತಾಂಶವು ಪ್ರಪಂಚದ ವೈದ್ಯರನ್ನೇ ಬೆರಗುಗೊಳಿಸಿತು. ಮನೆಯಲ್ಲಿದ್ದವರೂ ಆರೋಗ್ಯಧಾಮದಲ್ಲಿದ್ದವರೂ ಬಹುಮಟ್ಟಿಗೆ ಸಮಾನವಾಗಿಯೇ ಗುಣಹೊಂದಿದ್ದರು. ಮುಂದಿನ ವರ್ಷಗಳಲ್ಲಿ ಪರಿಶೀಲಿಸಿದಾಗ, ಮನೆಯಲ್ಲಿ ಚಿಕಿತ್ಸೆ ಪಡೆದವರ ಹೆಂಡಿರು ಮಕ್ಕಳಿಗೆ ಅದರಿಂದ ಹೆಚ್ಚಿನ ಅಪಾಯವಾಗಲಿಲ್ಲವೆಂಬುದೂ ತಿಳಿದುಬಂತು. ಔಷಧವು ತಪ್ಪದೆ ಕೈಸೇರಿ, ವಿಚಾರಿಸುವ ಜನರಿದ್ದರೆ ಬಡವನ ಗುಡಿಸಲೂ ಆರೋಗ್ಯಧಾಮವಾಗಬಲ್ಲುದು. ಪ್ರಪಂಚದಾದ್ಯಂತ ಕ್ಷಯರೋಗಿಗಳು ಮನೆಯವರ ನಡುವೆಯೇ ಇದ್ದು ಗುಣಹೊಂದುವ ಕ್ರಮಕ್ಕೆ ಈ ಪರೀಕ್ಷೆಯು ದಾರಿ ಮಾಡಿತು.

ಇದನ್ನು ಓದಿದವರಿಗೆ ಒಂದು ಸಂಶಯವು ಬರಬಹುದು. ಆಹಾರ ಕಡಿಮೆಯಿದ್ದರೂ ರೋಗ ವಾಸಿಯಾಯಿತಾದರೆ ಬಡತನದ ಮಾತೇಕೆ, ಔಷಧವೊಂದೇ ಸಾಲದೆ? ಇದಕ್ಕೆ ಸಮಾಧಾನವು ದೊರೆತದ್ದು ಅರುವತ್ತು ವರ್ಷಗಳ ತರುವಾಯ. ಕಾಸರಗೋಡಿನ ಜನರು ಚಿಕಿತ್ಸೆಗಾಗಿ ಹೋಗುವ ಮಂಗಳೂರಿನಲ್ಲಿಯೇ, ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಎಂಬ ವೈದ್ಯರು, ಹಿಂದೆ ಮದ್ರಾಸಿನ ಪರೀಕ್ಷೆಯನ್ನು ನಡೆಸಿದ ಸಂಸ್ಥೆಯ ಇಂದಿನ ರೂಪವಾದ ಚೆನ್ನೈಯ ಕ್ಷಯರೋಗ ಸಂಶೋಧನ ಸಂಸ್ಥೆ ಮುಂತಾದವುಗಳೊಡನೆ ಕೂಡಿ, 2019ರಿಂದ ಝಾರ್ಖಂಡ್ ರಾಜ್ಯದ ನಾಲ್ಕು ಜಿಲ್ಲೆಗಳಲ್ಲಿ ಒಂದು ಮಹತ್ತ್ವದ ಪರೀಕ್ಷೆಯನ್ನು ನಡೆಸಿದರು. 2,800 ಮಂದಿ ರೋಗಿಗಳಿಗೆ ಔಷಧದೊಡನೆ ಆಹಾರಸಾಮಗ್ರಿಯನ್ನೂ ಕೊಡಲಾಯಿತು. ಅವರೊಡನೆ ಒಂದೇ ಸೂರಿನಡಿಯಲ್ಲಿ ವಾಸಿಸುತ್ತಿದ್ದವರು 10,345 ಮಂದಿ. ಇವರಲ್ಲಿ ಒಂದು ಭಾಗದ ಮನೆಗಳಿಗೆ ಮಾತ್ರ, ರೋಗವಿಲ್ಲದ ಪ್ರಾಯಸ್ಥರಿಗೂ ತಲಾ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಮತ್ತು ಜೀವಸತ್ವದ ಮಾತ್ರೆಗಳನ್ನು ಒದಗಿಸಲಾಯಿತು. 2023ರ ಆಗಸ್ಟಿನಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೀಗೆ ಆಹಾರವನ್ನು ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯರೋಗಕ್ಕೆ ತುತ್ತಾದವರ ಪ್ರಮಾಣವು ಉಳಿದ ಮನೆಗಳಿಗಿಂತ ಶೇಕಡಾ 39ರಷ್ಟು ಕಡಿಮೆಯಾಗಿತ್ತು. ಬಂದ ರೋಗವನ್ನು ಔಷಧವು ವಾಸಿಮಾಡಬಲ್ಲುದು. ಮನೆಯಲ್ಲಿ ಮುಂದಿನ ರೋಗಿಯು ಹುಟ್ಟದಂತೆ ತಡೆಯುವುದಕ್ಕೆ ಅನ್ನವು ಬೇಕು.

ಅದೇ ಪರೀಕ್ಷೆಯಲ್ಲಿ ಕಂಡುಬಂದ ಇನ್ನೊಂದು ಸಂಗತಿಯನ್ನು ದೇವಾಲಯಕ್ಕೆ ಬರುವವರು ವಿಶೇಷವಾಗಿ ಮನನ ಮಾಡಬೇಕು. ಮೊದಲ ಎರಡು ತಿಂಗಳುಗಳಲ್ಲಿ ಶರೀರದ ತೂಕವು ನೂರಕ್ಕೆ ಐದರಷ್ಟು ಹೆಚ್ಚಿದ ರೋಗಿಗಳಲ್ಲಿ ಮರಣದ ಭಯವು ಬಹಳ ಕಡಿಮೆಯಾಗಿತ್ತು. ತುಲಾಭಾರದ ತಕ್ಕಡಿಯಲ್ಲಿ ಒಂದು ಕಡೆ ಮನುಷ್ಯನನ್ನು, ಇನ್ನೊಂದು ಕಡೆ ಅಕ್ಕಿಯನ್ನೋ ಬೆಲ್ಲವನ್ನೋ ತೆಂಗಿನಕಾಯಿಯನ್ನೋ ಇರಿಸಿ ತೂಗುವುದುಂಟು. ರೋಗದಿಂದ ಎದ್ದ ಮಗುವನ್ನು ಹಾಗೆ ಕುಳ್ಳಿರಿಸಿದಾಗ ತಾಯಿಯ ಕಣ್ಣು ಒದ್ದೆಯಾಗುವುದನ್ನು ಕಾಣದವರಿಲ್ಲ. ಮನುಷ್ಯನ ಪ್ರಾಣದ ತೂಕವು ಅನ್ನದ ತೂಕಕ್ಕೆ ಸಮನೆಂಬುದನ್ನು ಆ ತಕ್ಕಡಿಯು ತಲೆಮಾರುಗಳಿಂದ ತೋರಿಸುತ್ತಲೇ ಬಂದಿದೆ. ವೈದ್ಯನ ತಕ್ಕಡಿಯು ಈಗ ಅದನ್ನೇ ಹೇಳುತ್ತಿದೆ. ಇನ್ನೂ ಹಾಸಿಗೆಯಲ್ಲಿಯೇ ಇರುವವನ ಪಾಲಿನ ತಟ್ಟೆಗೆ ಅಕ್ಕಿಯನ್ನು ಹಾಕುವವರು ಯಾರು ಎಂಬುದೇ ಉಳಿದಿರುವ ಪ್ರಶ್ನೆ.

ಇಷ್ಟರಿಂದ ಹಣವೊಂದಿದ್ದರೆ ಎಲ್ಲವೂ ಆಯಿತೆಂದು ತಿಳಿಯಬಾರದು. ಮನೆಗೆ ಬಂದ ಅಕ್ಕಿಯು ಮನೆಯೊಳಗೆ ಹೇಗೆ ಹಂಚಿಹೋಗುತ್ತದೆಂಬುದನ್ನೂ ನೋಡಬೇಕು. ಗಂಡಸರು ಉಂಡು, ಮಕ್ಕಳು ಉಂಡು, ಅತಿಥಿಗಳು ಉಂಡು, ಕಡೆಯಲ್ಲಿ ಪಾತ್ರೆಯ ತಳದಲ್ಲಿ ಉಳಿದುದನ್ನು ತಾನು ಉಣ್ಣುವುದೇ ಗೃಹಿಣಿಯ ಧರ್ಮವೆಂದು ಬಹುಕಾಲ ಹೊಗಳಲಾಗಿದೆ. ಆ ಹೊಗಳಿಕೆಯ ಬೆಲೆಯೆಷ್ಟೆಂಬುದಕ್ಕೆ ಒಂದು ಲೆಕ್ಕವಿದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಭಾರತದಲ್ಲಿ 15ರಿಂದ 49 ವರ್ಷದೊಳಗಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಇವರೆಲ್ಲರೂ ದರಿದ್ರರ ಮನೆಯವರಲ್ಲ. ಉಂಡುಟ್ಟು ಸುಖವಾಗಿರುವ ಮನೆಗಳವರೂ ಇವರಲ್ಲಿದ್ದಾರೆ. ಕುಟುಂಬವು ರೋಗಿಗೆ ಆಸರೆಯಾಗುವಂತೆಯೇ ಕೆಲವೊಮ್ಮೆ ರೋಗಕ್ಕೆ ಕಾರಣವೂ ಆಗುತ್ತದೆ. ಕುಡಿತದಿಂದ ಮನೆಯ ಅನ್ನವು ಸೋರಿಹೋಗುವುದು, ಮಗಳ ಮದುವೆಗೆ ತೊಡಕಾದೀತೆಂದು ಅವಳ ಕಾಯಿಲೆಯನ್ನು ಬಚ್ಚಿಡುವುದು, ಮನೋರೋಗವುಳ್ಳವನನ್ನು ಕೋಣೆಯಲ್ಲಿ ಕೂಡಿಹಾಕುವುದು ಇವೆಲ್ಲ ಹಣದ ಕೊರತೆಯಿಂದ ಬಂದ ದೋಷಗಳಲ್ಲ. ಮನೆಯೊಳಗಿನ ನ್ಯಾಯದ ಕೊರತೆಯಿಂದ ಬಂದ ದೋಷಗಳು. ಹಾಗೆಯೇ ಹಣವುಳ್ಳ ಮನೆಗಳಿಗೆ ಬೇರೆ ರೋಗಗಳು ಕಾದಿವೆ. ಶ್ರಮವಿಲ್ಲದ ಬಾಳು, ಮಿತಿಯಿಲ್ಲದ ಊಟ ಇವುಗಳಿಂದ ಬರುವ ಸಿಹಿಮೂತ್ರರೋಗವು ಐಶ್ವರ್ಯವನ್ನು ಕಂಡು ಅಂಜುವುದಿಲ್ಲ.

ಹೊಟ್ಟೆಗೆ ಕೊರತೆಯಿಲ್ಲದ ಕಡೆಯಲ್ಲಿಯೂ ಅಂತಸ್ತಿನ ಭೇದವು ಶರೀರವನ್ನು ಮುಟ್ಟುವುದೆ ಎಂದು ಕೇಳಬಹುದು. ಇಂಗ್ಲೆಂಡಿನಲ್ಲಿ 1967ರಲ್ಲಿ ಆರಂಭವಾದ ಒಂದು ಪರಿಶೀಲನೆಯು ಇದಕ್ಕೆ ಉತ್ತರವನ್ನು ಕೊಟ್ಟಿದೆ. ಲಂಡನ್ನಿನ ಸರಕಾರಿ ಕಚೇರಿಗಳ 17,000ಕ್ಕೂ ಹೆಚ್ಚು ನೌಕರರನ್ನು ಅಲ್ಲಿಯ ವೈದ್ಯರು ಹಲವು ವರ್ಷ ಗಮನಿಸಿದರು. ಎಲ್ಲರಿಗೂ ಸಂಬಳವಿತ್ತು, ಯಾರೂ ಹಸಿದವರಲ್ಲ. ಆದರೂ ಹೃದಯರೋಗದಿಂದ ಸಾಯುವವರ ಪ್ರಮಾಣವು ಮೇಲಧಿಕಾರಿಗಳಲ್ಲಿ ಇದ್ದುದಕ್ಕಿಂತ ಅತ್ಯಂತ ಕೆಳಗಿನ ದರ್ಜೆಯ ಜವಾನರಲ್ಲಿ ಸುಮಾರು ಮೂರು ಪಟ್ಟು ಇತ್ತು. ಬೀಡಿ ಸಿಗರೇಟುಗಳ ಚಟ ಮುಂತಾದವುಗಳಿಂದ ಈ ವ್ಯತ್ಯಾಸದ ಒಂದು ಭಾಗವನ್ನು ಮಾತ್ರ ವಿವರಿಸಬಹುದಾಗಿತ್ತು. ಇನ್ನೊಬ್ಬರ ಅಪ್ಪಣೆಗೆ ಸದಾ ಕಾದುನಿಲ್ಲಬೇಕಾದವನ, ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದವನ ಹೃದಯವು ಬೇಗನೆ ಸವೆಯುತ್ತದೆಂದು ಆ ವಿದ್ವಾಂಸರು ಮುಂದಿನ ಪರಿಶೀಲನೆಗಳಿಂದ ಊಹಿಸಿದರು. ಗೌರವವೂ ಒಂದು ಪಥ್ಯವೆಂದಾಯಿತು.

ಎರಡು ಮೂರು ಭಾಷೆಗಳ ನಡುವೆ ಬಾಳುವ ಗಡಿನಾಡಿನವರಿಗೆ ಇದರ ಅನುಭವವು ಹೊಸದಲ್ಲ. ತನ್ನ ಬಾಧೆಯನ್ನು ವಿವರಿಸಿ ಹೇಳಬಲ್ಲವನೇ ಒಳ್ಳೆಯ ರೋಗಿಯೆಂದು ಚರಕ ವಾಗ್ಭಟರಿಬ್ಬರೂ ಹೇಳಿದರಷ್ಟೆ. ಕನ್ನಡವನ್ನೋ ತುಳುವನ್ನೋ ಮಾತ್ರ ಬಲ್ಲ ಮುದುಕಿಯು ಮಲಯಾಳವೊಂದನ್ನೇ ಬಲ್ಲ ವೈದ್ಯರ ಮುಂದೆ ಕುಳಿತಾಗ ಎದೆಯುರಿಯನ್ನೂ ಎದೆನೋವನ್ನೂ ಬೇರ್ಪಡಿಸಿ ಹೇಳುವುದೆಂತು? ಎರಡು ಭಾಷೆಯನ್ನೂ ಬಲ್ಲ ಮೊಮ್ಮಗನು ಪಕ್ಕದಲ್ಲಿದ್ದರೆ ಅವಳ ರೋಗವು ಅರ್ಧ ವಾಸಿಯಾದಂತೆ; ಅವನಿಲ್ಲದಿದ್ದರೆ ಅವಳು ತಲೆಯಾಡಿಸಿ ಚೀಟಿಯನ್ನು ಹಿಡಿದುಕೊಂಡು ಹೊರಬರುತ್ತಾಳೆ. ಮನೆಯಲ್ಲಿ ಅಂತಹ ಮೊಮ್ಮಗನಿಲ್ಲದವರಿಗೆ ಊರಿನ ಯಾರ ಮಗನಾದರೂ ಒದಗುವಂತಿರಬೇಕು.

ಹಣವು ಅಲ್ಪವಾಗಿದ್ದರೂ ನ್ಯಾಯವೂ ವಿದ್ಯೆಯೂ ಇದ್ದಲ್ಲಿ ಆರೋಗ್ಯವು ಹೇಗೆ ಬೆಳೆಯುತ್ತದೆಂಬುದಕ್ಕೆ ಕೇರಳ ರಾಜ್ಯವೇ ನಿದರ್ಶನವಾಗಿದೆ. 1970ರ ದಶಕದಲ್ಲಿ ಈ ರಾಜ್ಯದ ಜನರ ತಲಾ ವರಮಾನವು ಹೆಚ್ಚಿನದಾಗಿರಲಿಲ್ಲ. ಆದರೂ ಶಿಶುಮರಣವು ಭಾರತದ ಇತರ ಭಾಗಗಳಿಗಿಂತ ಬಹಳ ಕಡಿಮೆಯಾಗಿತ್ತು. ಹೆಣ್ಣುಮಕ್ಕಳು ಶಾಲೆಗೆ ಹೋದದ್ದು, ಭೂಸುಧಾರಣೆಯಿಂದ ಗೇಣಿದಾರರಿಗೆ ಭೂಮಿಯೂ ಕೂಲಿಕಾರರಿಗೆ ಮನೆಯ ಅಡಿಸ್ಥಳವೂ ದೊರೆತದ್ದು, ನ್ಯಾಯಬೆಲೆಯ ಅಕ್ಕಿಯು ಹಳ್ಳಿಹಳ್ಳಿಗೆ ಬಂದದ್ದು, ಹತ್ತಿರದಲ್ಲಿ ಆಸ್ಪತ್ರೆಯಿದ್ದದ್ದು ಇದಕ್ಕೆ ಕಾರಣಗಳೆಂದು ತಿಳಿದವರು ಹೇಳುತ್ತಾರೆ. 2020ರ ಗಣನೆಯಂತೆ ಭಾರತದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 28 ಶಿಶುಗಳು ವರ್ಷ ತುಂಬುವ ಮೊದಲೇ ತೀರಿಹೋಗುತ್ತಿದ್ದವು, ಕೇರಳದಲ್ಲಿ 6. ಅಕ್ಷರ ಬಲ್ಲ ತಾಯಿಯು ಮಗುವಿಗೆ ಭೇದಿಯಾದಾಗ ಏನು ಕೊಡಬೇಕು, ಯಾವಾಗ ಆಸ್ಪತ್ರೆಗೆ ಒಯ್ಯಬೇಕು ಎಂಬುದನ್ನು ಅರಿತಿದ್ದಳು. ಒಯ್ಯುವೆನೆಂದು ಹೇಳುವ ಧೈರ್ಯವೂ ಅವಳಿಗೆ ಮನೆಯಲ್ಲಿತ್ತು. ಒಬ್ಬೊಬ್ಬ ತಂದೆಯ ದುಡಿಮೆಯಿಂದಷ್ಟೇ ಆಗದ ಕಾರ್ಯವು ಎಲ್ಲರ ಏರ್ಪಾಡಿನಿಂದ ಆಯಿತು.

ಈಗ ಪ್ರಾರಬ್ಧದ ವಿಚಾರಕ್ಕೆ ಬರಬಹುದು. ಇದೇ ಕಾಸರಗೋಡು ಜಿಲ್ಲೆಯ ಗೇರುತೋಪುಗಳ ಮೇಲೆ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರುಗಳಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಗುತ್ತಿತ್ತು. ಎಣ್ಮಕಜೆಯ ಪಡ್ರೆ ಮೊದಲಾದ ಗ್ರಾಮಗಳಲ್ಲಿ ಗುಡ್ಡದ ಬುಡದ ಸುರಂಗಗಳಿಂದಲೂ ತೋಡುಗಳಿಂದಲೂ ನೀರನ್ನು ಕುಡಿಯುತ್ತಿದ್ದ ಮನೆಗಳಲ್ಲಿ ಅಂಗವೈಕಲ್ಯವುಳ್ಳ, ಬುದ್ಧಿ ಬೆಳೆಯದ ಮಕ್ಕಳು ಜನಿಸಿದರು. ಬಹುಕಾಲ ಅದನ್ನು ದೇವರ ಶಾಪವೆಂದೂ ದೈವದ ಮುನಿಸೆಂದೂ ತಿಳಿದು ಆ ಬಡವರು ಸಾಲಮಾಡಿ ಪರಿಹಾರ ಮಾಡಿಸಿದರು. ಆ ಬಳಿಕ ಗ್ರಾಮದ ವೈದ್ಯರೊಬ್ಬರೂ ಪತ್ರಕರ್ತರೂ ಕೃಷಿಕರೂ ಎತ್ತಿದ ದನಿಯು ದೇಶಕ್ಕೆ ಕೇಳಿಸಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ಕೀಟನಾಶಕವನ್ನು ದೇಶದಾದ್ಯಂತ ತಡೆಹಿಡಿಯಿತು. 2017ರ ಜನವರಿಯಲ್ಲಿ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಕೊಡಬೇಕೆಂದು ರಾಜ್ಯ ಸರಕಾರಕ್ಕೆ ಆಜ್ಞಾಪಿಸಿತು. ಆ ಮಕ್ಕಳು ಯಾವ ಪಥ್ಯವನ್ನು ಮೀರಿದರು? ಅವರ ತಾಯಂದಿರು ಯಾವ ಶುಚಿತ್ವವನ್ನು ಮರೆತರು? ಇಪ್ಪತ್ತು ಮೂವತ್ತು ವರ್ಷ ಮಗುವನ್ನು ಎತ್ತಿಯೇ ತಿರುಗಬೇಕಾದ ತಾಯಿಗೆ, ಇದು ನಿನ್ನ ಕರ್ಮವೆಂದು ಹೇಳುವ ಅಧಿಕಾರವು ಯಾರಿಗಿದೆ?

ಕರ್ಮಸಿದ್ಧಾಂತವನ್ನು ಅಲ್ಲಗಳೆಯಬೇಕೆಂದು ಇದರ ಅರ್ಥವಲ್ಲ. ಅದನ್ನು ಹಿಡಿಯಬೇಕಾದ ಕೈಯನ್ನು ತಿಳಿಯಬೇಕು. ತನ್ನ ಕಷ್ಟವನ್ನು ಧೈರ್ಯದಿಂದ ಸಹಿಸುವುದಕ್ಕೂ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವುದಕ್ಕೂ ಆ ಸಿದ್ಧಾಂತವು ದೊಡ್ಡ ಬೆಂಬಲವಾಗಿದೆ. ಇನ್ನೊಬ್ಬನ ಹಾಸಿಗೆಯ ಬಳಿಯಲ್ಲಿ ನಿಂತು ಅದನ್ನು ಉಚ್ಚರಿಸಿದರೆ ಅದು ಕ್ರೌರ್ಯವಾಗುತ್ತದೆ. ನೆರೆಮನೆಯಲ್ಲಿ ರೋಗಿಯು ನರಳುತ್ತಿರುವಾಗ ಅವನ ಹಿಂದಿನ ಕರ್ಮವು ಏನೆಂದು ಯಾರಿಗೂ ಕಾಣದು. ನೋಡುತ್ತ ನಿಂತವನ ಇಂದಿನ ಕರ್ಮವು ಮಾತ್ರ ಎಲ್ಲರಿಗೂ ಕಾಣುತ್ತದೆ.

ಜೀರ್ಣೋದ್ಧಾರಕ್ಕೆ ಮೊದಲು ಅಷ್ಟಮಂಗಲ ಪ್ರಶ್ನೆಯನ್ನು ಇರಿಸುವುದು ಈ ಸೀಮೆಯ ಸಂಪ್ರದಾಯ. ಮಾಡು ಸೋರುತ್ತದೆಂದು ಮಾಡನ್ನು ಮಾತ್ರ ನೋಡಿ ಎದ್ದುಹೋಗುವ ದೈವಜ್ಞರಿಲ್ಲ. ಕೆರೆಯು ಹೂಳು ತುಂಬಿದೆಯೆ, ನಾಗಬನವು ಹಾಳಾಗಿದೆಯೆ, ನಡೆಯಬೇಕಾದ ಸೇವೆಯು ನಿಂತಿದೆಯೆ, ಊರಿನ ಮನೆತನಗಳೊಳಗೆ ಮನಸ್ತಾಪವಿದೆಯೆ ಎಂದು ದಿನಗಟ್ಟಲೆ ವಿಚಾರಿಸುತ್ತಾರೆ. ಆಲಯದ ಒಂದು ಬಿರುಕಿಗೆ ಇಡೀ ಊರು ಉತ್ತರ ಹೇಳಬೇಕೆಂಬುದು ಅದರ ತತ್ತ್ವ. ಮನುಷ್ಯನ ದೇಹವನ್ನೇ ದೇವಾಲಯವೆಂದು ಬಸವಣ್ಣನವರು 12ನೆಯ ಶತಮಾನದಲ್ಲಿ ಸಾರಿದರು. ಉಳ್ಳವರ ಮತ್ತು ಬಡವರ ಅಂತರವನ್ನು ಮುಂದಿಟ್ಟುಕೊಂಡೇ ಅದನ್ನು ಸಾರಿದರು. ಆ ದೇವಾಲಯವು ಬಿರುಕು ಬಿಟ್ಟಾಗಲೂ ಅದೇ ವಿಧವಾದ ಪ್ರಶ್ನೆಯನ್ನು ಇರಿಸಬೇಕಲ್ಲವೆ?

ಅದಕ್ಕೆ ಬೇಕಾದ ಸಾಧನಗಳು ಊರಿನಲ್ಲಿ ಇಲ್ಲದೆ ಇಲ್ಲ. ಬ್ರಹ್ಮಕಲಶಕ್ಕೆ ಹೊರೆಕಾಣಿಕೆಯ ಮೆರವಣಿಗೆಯು ಬಂದಾಗ ಉಗ್ರಾಣವು ಅಕ್ಕಿ, ತೆಂಗಿನಕಾಯಿ, ತರಕಾರಿಗಳಿಂದ ತುಂಬಿಹೋಗುತ್ತದೆ. ಮನೆಮನೆಯಲ್ಲಿ ಮುಷ್ಟಿಅಕ್ಕಿಯನ್ನು ತೆಗೆದಿರಿಸಿ ದೇವಕಾರ್ಯವನ್ನು ನಡೆಸಿದ ನೆನಪು ಹಿರಿಯರಿಗಿದೆ. ಅದೇ ಮುಷ್ಟಿಯು ಉತ್ಸವ ಮುಗಿದ ಮೇಲೆಯೂ ನಿಲ್ಲದೆ, ದೀರ್ಘರೋಗಿಯಿರುವ ಮನೆಗಳಿಗೆ ಸಲ್ಲುವಂತಾದರೆ ಅದು ಅನ್ನದಾನವಲ್ಲದೆ ಮತ್ತೇನು? ಸರಕಾರವು 2018ರಿಂದ ಕ್ಷಯರೋಗಿಗಳಿಗೆ ಪೋಷಣೆಗಾಗಿ ತಿಂಗಳಿಗೆ 500 ರೂಪಾಯಿಗಳನ್ನು ಕೊಡುತ್ತಿದ್ದು, 2024ರ ನವೆಂಬರಿನಿಂದ ಅದನ್ನು 1,000 ರೂಪಾಯಿಗಳಿಗೆ ಏರಿಸಿತು. 2022ರಲ್ಲಿ ಆರಂಭವಾದ ನಿಕ್ಷಯ ಮಿತ್ರ ಎಂಬ ಯೋಜನೆಯಂತೆ ಯಾವ ವ್ಯಕ್ತಿಯಾದರೂ ಸಂಘಸಂಸ್ಥೆಯಾದರೂ ರೋಗಿಗಳಿಗೆ ಆಹಾರವನ್ನು ಒದಗಿಸುವ ಹೊಣೆಯನ್ನು ವಹಿಸಿಕೊಳ್ಳಬಹುದು. ದೇವಸ್ಥಾನದ ಸಮಿತಿಗೂ ಭಜನಾಮಂಡಳಿಗೂ ಇದರಲ್ಲಿ ಅಡ್ಡಿಯೇನಿದೆ? ಅಕ್ಕಿಯಷ್ಟೇ ಅಲ್ಲ, ಆಸ್ಪತ್ರೆಗೆ ಜೊತೆಯಲ್ಲಿ ಹೋಗುವ ಒಬ್ಬ ಯುವಕ, ರೋಗಿಯ ಬಳಿ ಒಂದು ಹೊತ್ತು ಕುಳಿತು ಮನೆಯ ತಾಯಿಗೆ ನಿದ್ರೆಯನ್ನು ದಯಪಾಲಿಸುವ ಒಬ್ಬ ನೆರೆಯಾಕೆ, ಕೂಲಿ ತಪ್ಪಿದ ವಾರದಲ್ಲಿ ಅಂಗಡಿಯ ಲೆಕ್ಕವನ್ನು ತೀರಿಸುವ ಒಬ್ಬ ಗೃಹಸ್ಥ ಇವರೆಲ್ಲರೂ ಶಾಸ್ತ್ರವು ಹೇಳಿದ ಆ ಮೂರನೆಯ ಪಾದವೇ ಆಗಿದ್ದಾರೆ.

ಆದರೆ ಎರಡು ಎಚ್ಚರಿಕೆಗಳು ಅವಶ್ಯವಾಗಿವೆ. ಕೊಡುವವನ ಹೆಸರು ಫಲಕದ ಮೇಲೆ ಹೊಳೆದು, ಪಡೆಯುವವನ ರೋಗವು ಊರೆಲ್ಲ ಡಂಗುರವಾದರೆ ಆ ದಾನದಿಂದ ರೋಗಿಯ ಗೌರವವು ಸಾಯುತ್ತದೆ. ಗೌರವವಿಲ್ಲದ ಅನ್ನವು ಮೈಗೆ ಹತ್ತುವುದಿಲ್ಲ. ಎರಡನೆಯದಾಗಿ, ಊರಿನ ದಾನವು ಸರಕಾರದ ಕರ್ತವ್ಯಕ್ಕೆ ಬದಲಿಯಾಗಲಾರದು. 2020ರ ಮಾರ್ಚಿಯ ಕೊನೆಯಲ್ಲಿ ಸಾಂಕ್ರಾಮಿಕದ ಕಾರಣದಿಂದ ತಲಪಾಡಿಯ ಗಡಿಯು ಮುಚ್ಚಿದಾಗ, ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ಹಲವು ರೋಗಿಗಳು ಚಿಕಿತ್ಸೆ ಸಿಗದೆ ತೀರಿಹೋದರು. ರಸ್ತೆ, ಆಸ್ಪತ್ರೆ, ಶುದ್ಧವಾದ ನೀರು, ನ್ಯಾಯವಾದ ಕೂಲಿ ಇವು ಭಿಕ್ಷೆಯಿಂದ ದೊರೆಯತಕ್ಕವುಗಳಲ್ಲ. ಇವುಗಳಿಗಾಗಿ ಒಗ್ಗಟ್ಟಿನಿಂದ ಕೇಳುವುದೂ ಧರ್ಮಕಾರ್ಯವೇ ಸರಿ.

ಆರೋಗ್ಯವು ಯಾರ ಸೊತ್ತೆಂಬ ಪ್ರಶ್ನೆಗೆ ಇಷ್ಟರಿಂದ ಉತ್ತರವು ದೊರೆತಂತಾಯಿತು. ಅದನ್ನು ಅನುಭವಿಸುವವನು ಒಬ್ಬ. ಕಾಪಾಡುವುದು ಒಂದು ಮನೆ. ಆ ಮನೆಯನ್ನು ನಿಲ್ಲಿಸುವುದು ಒಂದು ಊರು. ಆದುದರಿಂದ ಅದು ಅವಿಭಕ್ತ ಕುಟುಂಬದ ಭೂಮಿಯಂತೆ ಎಲ್ಲರಿಗೂ ಸೇರಿದ ಸೊತ್ತು. ಒಬ್ಬನು ತನ್ನ ಪಾಲನ್ನು ಬೇರ್ಪಡಿಸಿಕೊಂಡು ಬೇಲಿ ಹಾಕಲಾರ. ಶಿಲೆಯೂ ಮರವೂ ತಾಮ್ರವೂ ಹೊಸದಾದ ಈ ಆಲಯದಲ್ಲಿ ನೆಲೆಸಿದ ಶ್ರೀದೇವರು, ಗ್ರಾಮದ ಪ್ರತಿಯೊಂದು ಮನೆಯಲ್ಲಿಯೂ ಅನ್ನವನ್ನೂ, ಪ್ರತಿಯೊಬ್ಬ ರೋಗಿಯ ಬಳಿಯಲ್ಲಿಯೂ ಅನುರಾಗವುಳ್ಳ ಒಂದು ಜೀವವನ್ನೂ, ಕಂಡೂ ಕಾಣದಂತೆ ದಾಟಿಹೋಗದ ಕಣ್ಣುಗಳನ್ನು ಸಮಸ್ತ ಭಕ್ತಜನರಿಗೂ ಅನುಗ್ರಹಿಸಲಿ.